ಡೈಯರ್ಸ್‌ವಿಲ್‌ನಲ್ಲಿ ಅಳೆದ ಮಲೇಬೆನ್ನೂರಿನ ಕೇಜ್‌ವೀಲ್

ಕಚೇರಿಯ ಕೆಲಸಕ್ಕೆಂದು ಮೂರು ತಿಂಗಳು ಶಿಕಾಗೊದಲ್ಲಿದ್ದೂ ನಯಾಗರ ನೋಡದೆ ಬಂದವನೆಂದು ಮನೆಯವರು ನನ್ನನ್ನು ಈಗಲೂ ಆಡಿಕೊಳ್ಳುತ್ತಾರೆ. ರಜೆ ಹೊಂದಿಸಿಕೊಂಡ ಮೂರು ದಿನಗಳನ್ನು ನಾನು ಅಯೋವಾ ರಾಜ್ಯದ ಡೈಯರ್ಸ್‌ವಿಲ್‌ಗೆ ಕೊಟ್ಟೆ. ಸುಮಾರು ನಾಲ್ಕೂವರೆ ಸಾವಿರ ಜನರಿರುವ ಈ ಊರಿನಲ್ಲಿ ಪ್ರತಿ ನವೆಂಬರ್ ಮೊದಲ ವಾರಾಂತ್ಯದಲ್ಲಿ ಕೃಷಿ ಯಂತ್ರಗಳ ಪುಟ್ಟ ಮಾದರಿಗಳ ರಾಷ್ಟ್ರೀಯ ಮೇಳ ನಡೆಯುತ್ತದೆ. ಅಂಗಡಿಯ ಮಾದರಿಯನ್ನು ಬಿಚ್ಚಿ ಬೇರೊಂದು ಟ್ರ್ಯಾಕ್ಟರ್ ಆಗಿಸುವ, ಸಿಗದ ಭಾಗಗಳನ್ನು ಹಾಳೆ, ತಂತಿ, ತಗಡುಗಳಿಂದ ತಾವೇ ಮಾಡಿಕೊಳ್ಳುವ ಹುಚ್ಚು ಹಿಡಿದವರಿಗೆ ಅದೇ ತೇರು, ಅದೇ ಜಾತ್ರೆ.

ಹೋಗುವವರು ಕೋಣೆಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಿಕೊಳ್ಳಬೇಕು. ಒಂದು ವಾರ ಮುಂಚೆ ಎಚ್ಚೆತ್ತ ನನಗೆ ಡೈಯರ್ಸ್‌ವಿಲ್‌ನಲ್ಲಿ ಒಂದು ಮಂಚವೂ ಸಿಗಲಿಲ್ಲ. ನಲವತ್ತು ಕಿಲೋಮೀಟರ್ ಹಿಂದಿನ ಡುಬ್ಯೂಕ್‌ನಲ್ಲಿ, ಮಿಸಿಸಿಪ್ಪಿ ನದಿಯ ದಡದ ಆ ಪಟ್ಟಣದಲ್ಲಿ ಉಳಿದುಕೊಂಡು ದಿನವೂ ಹೋಗಿ ಬಂದೆ. ಆದರೆ ಈ ಕಥೆ ಶುರುವಾಗುವುದೂ ಡುಬ್ಯೂಕ್‌ನಲ್ಲೇ. 1945ರಲ್ಲಿ ಫ್ರೆಡ್ ಅರ್ಟ್ಲ್ ಎಂಬ ಎರಕದ ಕೆಲಸಗಾರ ಯುದ್ಧದಲ್ಲಿ ಮಿಕ್ಕ ವಿಮಾನಗಳ ಅಲ್ಯೂಮಿನಿಯಂ ಪಿಸ್ಟನ್‌ಗಳನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಕರಗಿಸಿ, ಮರಳಿನ ಅಚ್ಚಿಗೆ ಸುರಿದು ಆಟದ ಟ್ರ್ಯಾಕ್ಟರ್ ಮಾಡಿದ. ಹಾಗೆ ಹುಟ್ಟಿದ ಕಾರ್ಖಾನೆ 1959ರಲ್ಲಿ ಡೈಯರ್ಸ್‌ವಿಲ್‌ಗೆ ಬಂದಿತು. 1986ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯವೂ ಆಯಿತು. ಸಂಗ್ರಹಾಲಯ ಅಚ್ಚುಕಟ್ಟಾಗಿದೆ. ಆದರೆ ಮೇಳದ ಅರ್ಧದಷ್ಟು ಮೇಜುಗಳಲ್ಲಿ ಎಂದೂ ತೆರೆಯದ ಪೆಟ್ಟಿಗೆಗಳನ್ನೇ ಬೆಲೆ ಕಟ್ಟಿ ಸಾಲಾಗಿ ಇಟ್ಟಿದ್ದರು. ಚಕ್ರ ತಿರುಗದ, ಯಾರ ಕೈಯ ಬಿಸಿಯನ್ನೂ ಕಾಣದ ಆ ಟ್ರ್ಯಾಕ್ಟರ್‌ಗಳ ನಡುವೆ ಅಡ್ಡಾಡುತ್ತ ನನಗೆ ಬೇಸರವೇ ಬಂತು.

ಬೇಸರ ಹರಿದದ್ದು ಶನಿವಾರ ಬೆಳಿಗ್ಗೆ, ಮೂಲೆಯ ಒಂದು ಮೇಜಿನ ಮುಂದೆ. ಅಲ್ಲಿ ಒಂದು ಫಾರ್ಮಾಲ್ ಎಂ ಟ್ರ್ಯಾಕ್ಟರ್ ಇತ್ತು. ಅದರ ಮೈಗೆ ಎರಡು ಸಾಲಿನ ಮೆಕ್ಕೆಜೋಳದ ತೆನೆ ಕೀಳುವ ಯಂತ್ರವನ್ನು ಕೂರಿಸಲಾಗಿತ್ತು. ಯಂತ್ರದ ಮುಚ್ಚಳಗಳೆಲ್ಲ ತಂಪು ಪಾನೀಯದ ಡಬ್ಬಿಯ ತಗಡಿನವು. ಚಾಲಕ ಹತ್ತುವ ಕಡೆ ಮಾತ್ರ ಕೆಂಪು ಬಣ್ಣ ಸವೆದು ಲೋಹ ಕಾಣುತ್ತಿತ್ತು. ಇನ್ನೊಂದು ಬದಿ ಹೊಸದರಂತೆಯೇ ಇತ್ತು. ಇದನ್ನು ಮಾಡಿದ್ದ ನಿವೃತ್ತ ರೈತರು ನನ್ನನ್ನು ಕುರ್ಚಿ ಎಳೆದು ಕೂರಿಸಿಕೊಂಡು, ನೀವು ಏನು ಮಾಡುತ್ತಿದ್ದೀರಿ ಎಂದು ಕೇಳಿದರು.

ಮಲೇಬೆನ್ನೂರಿನ ಕಡೆ ಭದ್ರಾ ನಾಲೆಯ ಕೆಳಗಿನ ನಮ್ಮ ಗದ್ದೆಗಳಲ್ಲಿ ದುಡಿದ ಅಪ್ಪನ ಮ್ಯಾಸಿ 1035 ಟ್ರ್ಯಾಕ್ಟರನ್ನು ಮಾಡಬೇಕೆಂದಿದ್ದೇನೆ, ಅದು ಮ್ಯಾಸಿ ಫರ್ಗ್ಯುಸನ್ 35ರ ವಂಶದ್ದೇ ಆದ್ದರಿಂದ 1/16 ಅಳತೆಯ, ಎಂದರೆ ನಿಜದ ಹದಿನಾರನೆಯ ಒಂದು ಭಾಗದಷ್ಟಿರುವ, 35ರ ಮಾದರಿಯೊಂದನ್ನು ಬಿಚ್ಚಿ ಬಾನೆಟ್ ಬದಲಿಸುತ್ತೇನೆ ಎಂದು ಹೇಳಿ ಮೊಬೈಲ್‌ನಲ್ಲಿದ್ದ ಚಿತ್ರ ತೋರಿಸಿದೆ. ಅವರ ಕಣ್ಣು ಬಾನೆಟ್ಟಿನ ಮೇಲೆ ನಿಲ್ಲಲಿಲ್ಲ. ಚಕ್ರದ ಪಕ್ಕದಲ್ಲಿರುವ ಈ ಕಬ್ಬಿಣದ ಪಂಜರ ಏನು ಎಂದರು. ಒಣ ನೆಲದಲ್ಲೇ ಬೇಸಾಯ ಮಾಡಿದವರಿಗೆ ಕೇಜ್‌ವೀಲ್ ಗೊತ್ತಿರಲಿಲ್ಲ. ಗದ್ದೆಗೆ ನೀರು ನಿಲ್ಲಿಸಿ ಕೆಸರು ಮಾಡುವಾಗ ಬರಿಯ ಟೈರು ಜಾರುತ್ತದೆ, ಹೂತುಕೊಳ್ಳುತ್ತದೆ, ಪಂಜರ ಇದ್ದರೆ ಹಿಡಿತ ಸಿಗುತ್ತದೆ, ಅದರ ಪಟ್ಟಿಗಳು ಮಣ್ಣನ್ನು ಕಲಸುತ್ತಲೂ ಹೋಗುತ್ತವೆ ಎಂದು ವಿವರಿಸಿದೆ. ಎಷ್ಟು ಪಟ್ಟಿಗಳು, ಎಷ್ಟು ದಪ್ಪ, ಅಂಚು ಯಾವ ಕಡೆಗೆ ಎಂದು ಅವರು ಕೇಳುತ್ತ ಹೋದರು. ಇಪ್ಪತ್ತು ವರ್ಷ ಆ ಚಕ್ರದ ಪಕ್ಕದಲ್ಲೇ ಓಡಾಡಿದ ನನ್ನಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ.

ಅಲ್ಲಿ ಹನ್ನೊಂದು ಗಂಟೆ, ಊರಿನಲ್ಲಿ ರಾತ್ರಿ ಒಂಬತ್ತೂವರೆ. ತಮ್ಮನಿಗೆ ಕರೆ ಮಾಡಿದೆ. "ಈ ಹೊತ್ನಾಗೆ ಕೇಜ್‌ವೀಲ್ ಅಳತೆ ಯಾಕಣ್ಣ ಬೇಕಾತು?" ಎಂದು ಗೊಣಗುತ್ತಲೇ ಬ್ಯಾಟರಿ ಹಿಡಿದು ಕೊಟ್ಟಿಗೆಯ ಹಿಂದೆ ಹೋದ. ಗೋಡೆಗೆ ಒರಗಿಸಿಟ್ಟಿದ್ದ ಚಕ್ರಕ್ಕೆ ಟೇಪು ಹಿಡಿದು ಒಂದೊಂದೇ ಹೇಳಿದ: ಅಡ್ಡಳತೆ ನಾಲ್ಕು ಅಡಿ, ಅಗಲ ಒಂದಡಿ, ಎರಡಿಂಚಿನ ಆಂಗಲ್ (ಎಲ್ ಆಕಾರದ ಪಟ್ಟಿ) ಹದಿನಾಲ್ಕು, ದಪ್ಪ ಎರಡು ಸೂತ್. ಸೂತ್ ಎಂದರೆ ಇಂಚಿನ ಎಂಟನೆಯ ಒಂದು ಭಾಗವೆಂದು ನಾನು ಬಿಡಿಸಿ ಹೇಳಿದಾಗ ಮುದುಕರು ಖುಷಿಯಿಂದ ಮೇಜು ತಟ್ಟಿದರು. ನಮ್ಮ ವೆಲ್ಡಿಂಗ್ ಅಂಗಡಿಯೂ ಅವರ ಅಡಿಕೋಲೂ ಇಂಚನ್ನು ಇನ್ನೂ ಬಿಟ್ಟಿಲ್ಲವಾದ್ದರಿಂದ ಲೆಕ್ಕ ಸಲೀಸಾಯಿತು. ನಾಲ್ಕು ಅಡಿ ಮೂರು ಇಂಚಾಯಿತು, ಅಗಲ ಮುಕ್ಕಾಲು ಇಂಚು, ಆಂಗಲ್ ಒಂದು ಸೂತ್. ದಪ್ಪ ಮಾತ್ರ ಇಂಚಿನ ಅರವತ್ತನಾಲ್ಕನೆಯ ಒಂದು ಭಾಗಕ್ಕೆ, ಎಂದರೆ 0.4 ಮಿಲಿಮೀಟರಿಗೆ ಇಳಿಯಿತು.

ಸಿದ್ಧ ಸಿಗುವ ಪ್ಲಾಸ್ಟಿಕ್ ಆಂಗಲ್ ಅದಕ್ಕಿಂತ ದಪ್ಪ. ಇಡೀ ಪಟ್ಟಿಯನ್ನು ತೆಳ್ಳಗೆ ಮಾಡಲು ಹೋಗಬೇಡಿ, ಮುರಿಯುತ್ತದೆ, ಕಣ್ಣಿಗೆ ಬೀಳುವ ಅಂಚನ್ನಷ್ಟೇ ಒಳಗಿನಿಂದ ಓರೆಯಾಗಿ ಅರದಿಂದ ಉಜ್ಜಿ, ನೋಡುವವರು ದಪ್ಪವನ್ನು ಅಂಚಿನಲ್ಲೇ ಅಳೆಯುತ್ತಾರೆ ಎಂದರು. ಹದಿನಾಲ್ಕರ ಬದಲು ಹನ್ನೆರಡು ಹಾಕಿದರೆ ಮೂವತ್ತು ಡಿಗ್ರಿಗೊಂದರಂತೆ ಗುರುತು ಸುಲಭವಲ್ಲವೇ ಎಂದೆ. ಅವರ ಮುಖ ಗಂಭೀರವಾಯಿತು. ನಿಮ್ಮ ತಮ್ಮ ಕತ್ತಲಲ್ಲಿ ಹೋಗಿ ಎಣಿಸಿದ್ದು ಹದಿನಾಲ್ಕು ಎಂದರು. ಬಳಿಕ ಒಂದು ಕಾಗದದ ಪಟ್ಟಿಯನ್ನು ಮೂರಿಂಚಿನ ಮುಚ್ಚಳವೊಂದರ ಸುತ್ತ ಸುತ್ತಿ, ಸರಿಯಾಗಿ ಒಂದು ಸುತ್ತಿಗೆ ಕತ್ತರಿಸಿ, ಗೆರೆ ಹಾಕಿದ ಹಾಳೆಯ ಮೇಲೆ ಓರೆಯಾಗಿ ಮಲಗಿಸಿದರು. ಪಟ್ಟಿಯ ಎರಡು ತುದಿಗಳು ಇಪ್ಪತ್ತೆಂಟು ಸಂದುಗಳ ಆಚೆ ಈಚೆಯ ಗೆರೆಗಳನ್ನು ಮುಟ್ಟುವವರೆಗೆ ಅದನ್ನು ವಾಲಿಸಿ, ಒಂದು ಬಿಟ್ಟು ಒಂದು ಗೆರೆಗೆ ಪೆನ್ಸಿಲ್ ಗುರುತು ಹಾಕಿದರು. ಕೋನಮಾಪಕವಿಲ್ಲದೆ ಹದಿನಾಲ್ಕು ಸಮಭಾಗ ಬಂದಿತ್ತು. ಆ ಪಟ್ಟಿಯನ್ನು ಮಡಿಸದೆ ನನ್ನ ಪುಸ್ತಕದೊಳಗೆ ಇಟ್ಟುಕೊಟ್ಟರು.

ಭಾನುವಾರ ಏನು ನೋಡಿದೆನೋ ಹೇಳಿಕೊಳ್ಳುವಂಥದ್ದಿಲ್ಲ. ಪ್ಲಾಸ್ಟಿಕ್ ಆಂಗಲ್, ಹಿತ್ತಾಳೆಯ ಕಂಬಿ, ಒಂದು ಕೈಬೈರಿಗೆ, ಎರಡು ಸೀಸೆ ಅಂಟು ಕೊಂಡೆ. ಅಂಟಿನ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಆ ತೆಳು ದ್ರವ ಬೆಂಕಿಗೆ ಹತ್ತಿಕೊಳ್ಳುವಂಥದ್ದು. ಅದನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಒಯ್ಯುವಂತಿಲ್ಲ. ಇದನ್ನು ಓದಿಕೊಳ್ಳದೆ ಹೋದ ನನ್ನ ಎರಡೂ ಸೀಸೆಗಳು ಮರಳುವಾಗ ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರಿದವು. ಪೆಟ್ಟಿಗೆಗೆ ಹಾಕಿದ್ದ ಮಾದರಿಯ ಹೊಗೆಕೊಳವೆಯೂ ಮುರಿದಿತ್ತು. ಹೊಗೆಕೊಳವೆಯನ್ನೂ ಸ್ಟಿಯರಿಂಗನ್ನೂ ಮೊದಲೇ ಬಿಚ್ಚಿಟ್ಟು, ಟ್ರ್ಯಾಕ್ಟರನ್ನು ಕೈಯಲ್ಲೇ ತರುವುದು ಲೇಸು. ಬ್ಲೇಡುಗಳು ಮಾತ್ರ ಪೆಟ್ಟಿಗೆಯಲ್ಲೇ ಇರಲಿ.

ಬೆಂಗಳೂರಿಗೆ ಬಂದ ಮೇಲೆ ತಮ್ಮನಿಗೆ ಹೇಳಿ ಚಕ್ರದ ಚಿತ್ರವನ್ನು ಹಗಲು ಬೆಳಕಿನಲ್ಲಿ ತರಿಸಿಕೊಂಡೆ. ಎಣಿಕೆ ಹದಿನಾಲ್ಕೇ. ಆದರೆ ಅವುಗಳಲ್ಲಿ ಒಂದು ಆಂಗಲ್ ಅಲ್ಲ, ಇಂಚಿನ ಉರುಟು ಸರಳು. ಯಾವಾಗಲೋ ಮುರಿದಾಗ ಅಪ್ಪ ಮಲೇಬೆನ್ನೂರಿನಲ್ಲಿ ಕೈಗೆ ಸಿಕ್ಕಿದ್ದನ್ನೇ ಬೆಸುಗೆ ಹಾಕಿಸಿದ್ದರಂತೆ. ಕತ್ತರಿಸಿಟ್ಟಿದ್ದ ಹದಿನಾಲ್ಕು ಆಂಗಲ್‌ಗಳಲ್ಲಿ ಒಂದನ್ನು ತೆಗೆದು ಡಬ್ಬಿಗೆ ಹಾಕಿ, 1.6 ಮಿಲಿಮೀಟರಿನ ಹಿತ್ತಾಳೆ ಕಂಬಿಯನ್ನು ಮುಕ್ಕಾಲು ಇಂಚಿಗೆ ಕತ್ತರಿಸಿ ಅದರ ಜಾಗದಲ್ಲಿಟ್ಟೆ.