ಸುನ್ನತಿ ಆಯ್ತಲ್ಲ, ಇನ್ನು ಕಾಂಡೋಮ್ ಯಾಕೆ?

ಆರೋಗ್ಯದ ಬಗ್ಗೆ ಬರೆಯುತ್ತೇನೆಂದು ಗೊತ್ತಾದವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು: "ಸುನ್ನತಿ ಮಾಡಿಸಿಕೊಂಡರೆ ಎಚ್‌ಐವಿ ತಗಲೋದು ಕಡಿಮೆ ಅಂತೀರಿ. ಹಾಗೆ ಹೇಳಿಬಿಟ್ಟರೆ ಗಂಡಸರಿಗೆ ಇದ್ದ ಭಯವೂ ಹೋಗಿ ಕಾಂಡೋಮ್ ಬಿಸಾಕೋದಿಲ್ವಾ?"

ಅನುಮಾನ ಸಹಜವೇ. ಸೀಟ್ ಬೆಲ್ಟ್ ಬಂದಾಗಲೂ ಕಟ್ಟಿಕೊಂಡವನು ಇನ್ನೂ ಜೋರಾಗಿ ಓಡಿಸುತ್ತಾನೆ ಎಂಬ ವಾದ ಎದ್ದಿತ್ತು. ಆದರೆ ಇದನ್ನು ಊಹೆಗೆ ಬಿಟ್ಟಿಲ್ಲ, ಅಳೆದು ನೋಡಿದ್ದಾರೆ.

ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್ ಎಂಬ ಊರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಯುವಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಸುನ್ನತಿ ಮಾಡಿದರು. 2005ರಲ್ಲಿ ಫಲಿತಾಂಶ ಹೊರಬಂತು: ಆ ಗುಂಪಿನಲ್ಲಿ 20 ಹೊಸ ಸೋಂಕು, ಇನ್ನೊಂದರಲ್ಲಿ 49. ಸುಮಾರು ಶೇ 60ರಷ್ಟು ಕಡಿಮೆ. ಮುಂದೊಗಲಿನ ಒಳಮೈ ತೆಳು. ವೈರಸ್ ಹಿಡಿದುಕೊಳ್ಳುವ ಜೀವಕೋಶಗಳೂ ಅಲ್ಲಿವೆ. ಅದು ಹೋದರೆ ಒಂದು ದಾರಿ ಮುಚ್ಚಿದಂತೆ. ಕೆನ್ಯಾದ ಕಿಸುಮು, ಉಗಾಂಡಾದ ರಕಾಯ್‌ನಲ್ಲಿ ನಡೆದ ಇಂಥದೇ ಪ್ರಯೋಗಗಳಲ್ಲೂ ಸೋಂಕು ಸುಮಾರು ಅರ್ಧಕ್ಕಿಳಿಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು.

ಈಗ ನಡತೆಯ ವಿಷಯ. ಆರೆಂಜ್ ಫಾರ್ಮ್‌ನಲ್ಲಿ 4ರಿಂದ 12ನೇ ತಿಂಗಳವರೆಗೆ ಸುನ್ನತಿಯಾದವರು ಹೇಳಿಕೊಂಡ ಲೈಂಗಿಕ ಸಂಪರ್ಕಗಳ ಸರಾಸರಿ 5.9, ಆಗದವರದು 5.0. ಅಂದರೆ ತುಸು ಏರಿಕೆ ಇತ್ತು, ಆದರೂ ರಕ್ಷಣೆ ಕರಗಲಿಲ್ಲ. ಕಿಸುಮುವಿನಲ್ಲಿ ಅಂಥ ಏರಿಕೆಯೂ ಕಾಣಲಿಲ್ಲ. ಒಂದು ತಕರಾರು ನಾನೇ ಎತ್ತುತ್ತೇನೆ: ಈ ಯುವಕರಿಗೆ ಪದೇ ಪದೇ ತಿಳಿಹೇಳಿ, ಕಾಂಡೋಮ್ ಕೊಟ್ಟು ಕಳಿಸುತ್ತಿದ್ದರು. ಜೊತೆಗೆ, ಹಾಸಿಗೆಯ ಲೆಕ್ಕವನ್ನು ಯಾರು ತಾನೇ ಪೂರ್ತಿ ನಿಜ ಹೇಳುತ್ತಾರೆ? ಹಾಗಿದ್ದರೂ ಮುಂದೆ ಪಶ್ಚಿಮ ಕೆನ್ಯಾದಲ್ಲಿ, ತಾವಾಗಿ ಬಂದು ಸುನ್ನತಿ ಮಾಡಿಸಿಕೊಂಡವರನ್ನು ಎರಡು ವರ್ಷ ಗಮನಿಸಿದಾಗಲೂ ಹುಚ್ಚು ಧೈರ್ಯ ಬಂದದ್ದು ಕಾಣಲಿಲ್ಲ.

ಹಾಗಾಗಿ ನನ್ನ ಉತ್ತರ: ಆ ಭಯ ದೊಡ್ಡದಲ್ಲ. ನನ್ನ ಚಿಂತೆ ಬೇರೆ. ಶೇ 60 ಎಂದರೆ ನೂರರಲ್ಲಿ ಅರವತ್ತು ಗಂಡಸರಿಗೆ ಕವಚ ಸಿಕ್ಕಿತು ಅಂತಲ್ಲ. ಹತ್ತು ಸೋಂಕು ಆಗುವ ಕಡೆ ನಾಲ್ಕು ಆಗೇ ಆಗುತ್ತವೆ ಅಂತ. ಆ ನಾಲ್ಕಕ್ಕೇ ಕಾಂಡೋಮ್ ಬೇಕಾದದ್ದು.

ಇನ್ನು ಗಾಯ. ಮಾಯಲು ಸುಮಾರು ಆರು ವಾರ ಬೇಕು, ಅಲ್ಲಿವರೆಗೆ ದೂರವಿರಬೇಕು. ರಕಾಯ್‌ನಲ್ಲಿ ಎಚ್‌ಐವಿ ಇದ್ದ ಗಂಡಸರಿಗೂ ಸುನ್ನತಿ ಮಾಡಿ ಅವರ ಸಂಗಾತಿಯರನ್ನು ಗಮನಿಸಿದ್ದರು. ಮಾಯುವ ಮುಂಚೆಯೇ ಕೂಡಿದ ಜೋಡಿಗಳಲ್ಲಿ 18 ಹೆಂಗಸರ ಪೈಕಿ 5 ಮಂದಿಗೆ ಆರು ತಿಂಗಳೊಳಗೆ ಸೋಂಕು ತಗಲಿತ್ತು. ಕಾದವರಲ್ಲಿ 63ಕ್ಕೆ 6. ಸಂಖ್ಯೆ ಸಣ್ಣದು, ನಿಜ. ಆದರೂ ಆ ಐವರನ್ನು ಬದಿಗೆ ಸರಿಸಲು ನನಗೆ ಮನಸ್ಸಾಗುವುದಿಲ್ಲ.

"ನಮ್ಮೆಜಮಾನರಿಗೆ ಆಗಿದೆ, ನನಗೇನೂ ಆಗಲ್ಲ ಅಲ್ವಾ?" ಎಂದು ಕೇಳುವ ಹೆಂಗಸರೂ ಇದ್ದಾರೆ. ಇಲ್ಲಮ್ಮಾ. ಅವರಿಗೆ ಸೋಂಕು ಬಂದಿದ್ದರೆ ಅವರ ಸುನ್ನತಿ ನಿಮ್ಮನ್ನು ಕಾಯುವುದಿಲ್ಲ.