ಹಳದಿ ಬಣ್ಣ ಕಾದ ರಾತ್ರಿ

ಸಾಸಿವೆ ಕಾಳಿಗಿಂತ ಚಿಕ್ಕದಿತ್ತು ಅದು. ಹತ್ತೊಂಬತ್ತನೇ ಶತಮಾನದ ಒಂದು ಚಿತ್ರದ ಅಂಚಿನಿಂದ ತೆಗೆದ ಬಣ್ಣದ ಚೂರು. ಅಂಟಿನಲ್ಲಿ ಕೂರಿಸಿ, ಅಡ್ಡಲಾಗಿ ಕೊಯ್ದು, ನುಣ್ಣಗೆ ಉಜ್ಜಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಳಗೆಲ್ಲ ಅರಿಶಿನದಂಥ ಹಳದಿ, ಮೇಲೆ ಮಾತ್ರ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಗೆರೆ.

ಅದನ್ನು ಇಟ್ಟಿದ್ದು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನಿನಲ್ಲಿ. 844 ಮೀಟರ್ ಸುತ್ತಳತೆಯ ಉಂಗುರ. ಅದರೊಳಗೆ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಸುತ್ತುತ್ತವೆ. ಅಯಸ್ಕಾಂತಗಳು ಅವುಗಳ ದಾರಿ ಬಗ್ಗಿಸಿದಾಗ ಎಕ್ಸ್-ರೇ ಹೊಮ್ಮುತ್ತದೆ. ಒಂದು ಚೂರು ಬಣ್ಣಕ್ಕೆ ಇಷ್ಟೆಲ್ಲ ಬೇಕಾ ಅಂತ ನನಗೂ ಮೊದಮೊದಲು ಅನಿಸಿತ್ತು.

ಬೇಕು. ಯಾಕೆಂದರೆ ಆ ಕಂದು ಗೆರೆಯ ದಪ್ಪ ಎರಡೋ ಮೂರೋ ಮೈಕ್ರಾನ್, ಅಷ್ಟೇ. ಅಷ್ಟು ಸಣ್ಣ ಜಾಗಕ್ಕೆ ಕಿರಣವನ್ನು ಸೂಜಿಮೊನೆಗಿಂತ ಚೂಪು ಮಾಡಿ ಬಿಡಬೇಕು. ವ್ಯಾನ್ ಗೋ ಬಳಸುತ್ತಿದ್ದ ಕ್ರೋಮ್ ಹಳದಿ ಯಾಕೆ ಕಪ್ಪಾಗುತ್ತದೆ ಅನ್ನೋದನ್ನು 2011ರಲ್ಲಿ ಪತ್ತೆ ಮಾಡಿದ್ದೂ ಇಲ್ಲೇ. ಬಣ್ಣದಲ್ಲಿರುವ ಕ್ರೋಮಿಯಂ ಬೆಳಕು ಬಿದ್ದು ಬಿದ್ದು ಆರರ ಸ್ಥಿತಿಯಿಂದ, ಅಂದರೆ ಆರು ಎಲೆಕ್ಟ್ರಾನ್ ಕಳಕೊಂಡ ಲೆಕ್ಕದಿಂದ, ಮೂರಕ್ಕೆ ಇಳಿಯುತ್ತದೆ. ಹಳದಿ ಹೋಗಿ ಕಂದು ಉಳಿಯುತ್ತದೆ.

ಇದು ಪರದೆಯ ಮೇಲೆ ಕಾಣೋದು ಚೆಂದ. ಎಕ್ಸ್-ರೇಯ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರೆ 5993 ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಬಣ್ಣ ಎಷ್ಟು ಎಕ್ಸ್-ರೇ ಹೀರುತ್ತದೆ ಅಂತ ತೋರಿಸುವ ಗ್ರಾಫಿನಲ್ಲಿ ಒಂದು ಮೊನೆ ಏಳುತ್ತದೆ, ಗೋಪುರದ ಮೇಲಿನ ಕಳಶದ ಹಾಗೆ. ಎತ್ತರಕ್ಕೆ ಎದ್ದರೆ ಹಳದಿ ಚೆನ್ನಾಗಿದೆ ಅಂತ. ಕುಗ್ಗಿದರೆ ಕೆಟ್ಟಿದೆ ಅಂತ. ನಮ್ಮ ಚೂರಿನ ಕೆಳಪದರದಲ್ಲಿ ಮೊನೆ ನೆಟ್ಟಗೆ ನಿಂತಿತ್ತು. ಕಂದು ಗೆರೆಯಲ್ಲಿ ಹುಡುಕಿದರೂ ಸಿಗಲಿಲ್ಲ.

ರಾತ್ರಿ ಎರಡಕ್ಕೆ ಅಮ್ಮನ ಫೋನ್ ಬಂತು. ಮೈಸೂರಿನಲ್ಲಿ ಆಗ ಬೆಳಗಿನ ಐದೂವರೆ.

"ಇನ್ನೂ ಮಲಗಿಲ್ವೇನೋ? ಏನ್ ಮಾಡ್ತಿದ್ದೀಯ?"

"ಹಳದಿ ಬಣ್ಣ ಯಾಕೆ ಮಂಕಾಗುತ್ತೆ ಅಂತ ನೋಡ್ತಿದ್ದೀನಮ್ಮ."

"ಬಿಸಿಲಿಗೆ ಕಣೋ. ಅದಕ್ಕೇ ತಾನೆ ಬಟ್ಟೆ ಉಲ್ಟಾ ಮಾಡಿ ಒಣಹಾಕು ಅಂತ ಬಡ್ಕೊಳ್ತಿದ್ದಿದ್ದು?"

ಏನು ಹೇಳೋದು? ನಗು ಬಂತು. ಮಾತಾಡುತ್ತಾ ಹಾಗೇ ಕಾಫಿ ಮಷಿನ್ ಕಡೆ ಹೋದೆ. ಮಾವಿನಹಣ್ಣಿನ ರೇಟು, ಪಕ್ಕದ ಮನೆಯ ನಾಯಿ, ಎಲ್ಲ ಬಂದು ಹೋಯಿತು.

ವಾಪಸ್ ಬಂದು ಕೂತಾಗಲೇ ಹೊಳೆದದ್ದು: ಶಟರ್ ಮುಚ್ಚಿರಲಿಲ್ಲ. ಕಿರಣ ಅಷ್ಟೂ ಹೊತ್ತು ಹಳದಿ ಪದರದ ಒಂದೇ ಚುಕ್ಕಿಯ ಮೇಲೆ ಸುರಿಯುತ್ತಿತ್ತು. ಎಕ್ಸ್-ರೇಯೂ ಬೆಳಕೇ ಅಲ್ವಾ, ಅದೂ ಬಿಸಿಲು ಮಾಡುವ ಕೆಲಸವನ್ನೇ ಮಾಡುತ್ತದೆ. ಒಂದೇ ಕಡೆ ಜಾಸ್ತಿ ಹೊತ್ತು ನಿಲ್ಲಿಸಬಾರದು ಅಂತ ಮೊದಲ ದಿನವೇ ಹೇಳಿದ್ದರು. ಕೈ ನಡುಗುತ್ತಾ ಆ ಚುಕ್ಕಿಯನ್ನು ಮತ್ತೆ ಅಳೆದೆ. ಸಂಜೆ ನೆಟ್ಟಗಿದ್ದ ಮೊನೆ ಕುಗ್ಗಿತ್ತು.

ಸೀನಿಯರ್‌ಗೆ ಹೇಳದೆ ಗತಿ ಇರಲಿಲ್ಲ. ಬೆಳಿಗ್ಗೆ ಬಂದವರು ಎರಡೂ ಗ್ರಾಫನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಬೈಯಲಿಲ್ಲ. "ಈ ಚುಕ್ಕಿ ಬಿಟ್ಟು ಬೇರೆ ಕಡೆ ಅಳೆ. ಒಂದೊಂದು ಕಡೆಯೂ ಆದಷ್ಟು ಕಡಿಮೆ ಹೊತ್ತು," ಅಂದರು. ಆಮೇಲೆ ಪೆನ್ ತಗೊಂಡು ಚೂರಿನ ಫೋಟೋದಲ್ಲಿ ಆ ಜಾಗಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದು, ಲಾಗ್‌ಬುಕ್ಕಿಗೆ ಅಂಟಿಸಿದರು.

ಅಮ್ಮನಿಗೆ ಇದನ್ನು ಇವತ್ತಿನವರೆಗೂ ಹೇಳಿಲ್ಲ.