ಗೋದಲಿಯ ರಾಗಿ ಪೈರು

ಕ್ರಿಸ್ಮಸ್‌ಗೆ ಕಟ್ಟೋ ಗೋದಲಿಗೆ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಬಿತ್ತಿದ ರಾಗಿ ಇವತ್ತು ಕಣ್ಣು ಬಿಟ್ಟಿದೆ. ಸೂಜಿಮೊನೆಯಷ್ಟು ಬಿಳಿ.

ಡಿಸೆಂಬರ್ 13, 14ಕ್ಕೆ ಬಿತ್ತಿದರೆ ಸರಿ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ತಟ್ಟೆಯಲ್ಲಿ ಒಂದಿಂಚು ಮಣ್ಣು ಹರಡಿ ಉದುರಿಸೋದು. ನೀರು ಚಿಮುಕಿಸಿದರೆ ಸಾಕು. ಸುರಿದರೆ ಕಾಳೆಲ್ಲ ಮೂಲೆಗೆ ಸೇರಿ ಬೂಷ್ಟು ಹಿಡಿಯುತ್ತೆ. ಮೊಳಕೆ ಬಂದಮೇಲೂ ನೆರಳಲ್ಲೇ ಇಟ್ಟಿರೋ, ಉದ್ದಕ್ಕೆ ಎದ್ದು ಹಳದಿಯಾಗಿ, ಫಿಲೋಮಿನಾ ಚರ್ಚಲ್ಲಿ ಹಬ್ಬದ ಗಂಟೆ ಹೊಡೆಯೋ ಹೊತ್ತಿಗೆ ಮಲಗಿಬಿಡುತ್ತೆ.

ಪವಾಡ ಅಂದ್ರೆ ಕುರುಡನಿಗೆ ಕಣ್ಣು ಬಂದದ್ದೇ ನಮಗೆ ನೆನಪು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಓದೋ, ಬೈಬಲಿನ ಪ್ರವಾದಿ ಯೆಶಾಯನ 11ನೇ ಅಧ್ಯಾಯ ಶುರುವಾಗೋದು ಮಾತ್ರ ದಾವೀದನ ಅಪ್ಪ ಇಷಯನ ಬುಡದಲ್ಲಿ ಒಡೆಯೋ ಒಂದು ಚಿಗುರಿಂದ. ಅಷ್ಟೇ ಸಣ್ಣದು.

ಬಾಲಯೇಸುವಿನ ಜಾಗ 24ರ ರಾತ್ರಿವರೆಗೂ ಖಾಲಿ. ಬರೀ ಒಣಹುಲ್ಲು.